ಆರಾಮ ಅದಾಳ್ರಿ

ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ ನೋಡಿ. ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿ ಮಲಗಿದವನೂ 'ಆರಾಮ ಅದೀನ್ರಿ' ಎನ್ನುತ್ತಾನೆ. ಮನೆಯಲ್ಲಿ ಜಗಳವಾಡಿ ಅನ್ನ ಬಿಟ್ಟು ಕೂತವಳೂ ಅದನ್ನೇ ಹೇಳುತ್ತಾಳೆ. ಅದು ಉತ್ತರವಲ್ಲ, ಮರ್ಯಾದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ಹಾಗೆ ಕೇಳಿದವರಿಗೆ ಮೊದಲು ಒಂದು 'ಆರಾಮ' ಕೊಟ್ಟು, ಆಮೇಲೆ ಬೇಕಿದ್ದರೆ ಕಷ್ಟಸುಖ ತೆಗೆಯುವುದು ಆ ಕಡೆಯ ರೂಢಿ. ಈ ಸಣ್ಣ ಸಂಗತಿ ಬೆಂಗಳೂರಿನಲ್ಲಿ ಕೂತು ಯಂತ್ರ ಕಟ್ಟಿದ ಜಾಣರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವರದೇ ಕಚೇರಿಯ ದಾಕ್ಷಾಯಣಿಗೆ ಇಂಥ ಗತಿ ಬರುತ್ತಿರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ.

ಯಂತ್ರದ ಹೆಸರು 'ಸಮಚಿತ್ತ'. ಜನ ಕರೆದದ್ದು ತೋಳಬಂದಿ ಎಂದು. ರಟ್ಟೆಗೆ ಅಂಟಿಕೊಳ್ಳುವ, ಬಿಸ್ಕತ್ತಿನಷ್ಟು ಅಗಲದ ಪಟ್ಟಿ. ಒಳಗೆ ಒಂದು ತಿಂಗಳಿಗೆ ಸಾಕಾಗುವ ಔಷಧಿ, ಚರ್ಮಕ್ಕೆ ತಾಗುವ ಕಡೆ ಕೂದಲಿಗಿಂತ ಸಣ್ಣ ಸೂಜಿಗಳು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರ ಕಷ್ಟ ಹಳೆಯದು. ವಾರ ಕಳೆದರೂ ಗುಣ ಕಾಣಲಿಲ್ಲವೆಂದು ಕೆಲವರು ಬಿಟ್ಟುಬಿಡುತ್ತಾರೆ. ಗುಣ ಕಂಡ ಕೂಡಲೇ ಇನ್ನು ಇದೇಕೆ ಎಂದು ದಿಢೀರನೆ ನಿಲ್ಲಿಸಿ ಹಾಸಿಗೆ ಹಿಡಿಯುವವರು ಇನ್ನೂ ಹೆಚ್ಚು. ನಿನ್ನೆ ಮರೆತೆನೆಂದು ಇವತ್ತು ಎರಡು ನುಂಗುವವರೂ ಇದ್ದಾರೆ. ತೋಳಬಂದಿ ಮರೆಯುವುದಿಲ್ಲ, ಗಾಬರಿಯಾಗುವುದಿಲ್ಲ. ಡಾಕ್ಟರು ಮೇಲಿನದೊಂದು, ಕೆಳಗಿನದೊಂದು ಮಿತಿ ಹಾಕಿಕೊಟ್ಟರೆ ಅದರ ನಡುವೆ ಔಷಧಿಯನ್ನು ತಾನೇ ಏರಿಸುತ್ತದೆ, ಇಳಿಸುತ್ತದೆ. ಅದಕ್ಕಾಗಿ ಬೆಳಿಗ್ಗೆ ತೊಟ್ಟವರನ್ನು ಮಾತಾಡಿಸುತ್ತದೆ. ವಾರಕ್ಕೊಮ್ಮೆ ಅವರ 'ಆಪ್ತ'ರಿಗೆ, ಅಂದರೆ ಅವರೇ ಹೆಸರು ಕೊಟ್ಟ ಮನೆಯವರೊಬ್ಬರಿಗೆ, ಫೋನ್ ಮಾಡುತ್ತದೆ.

ಯಂತ್ರಕ್ಕೆ ಅರ್ಥವಾಗದ ಮಾತುಗಳನ್ನು ಮನುಷ್ಯರು ಕೂತು ಕೇಳುವ ಒಂದು ಕೋಣೆ ಹುಬ್ಬಳ್ಳಿಯ ಕಚೇರಿಯಲ್ಲಿತ್ತು. ಅದರ ಮುಖ್ಯಸ್ಥೆ ದಾಕ್ಷಾಯಣಿ. ಅವಳ ಕೈಕೆಳಗಿನ ಹುಡುಗಿ ಅಸ್ಮಾ ನದಾಫ ಒಂದು ಮಧ್ಯಾಹ್ನ ಹೆಡ್‌ಫೋನ್ ತೆಗೆದು ಅವಳ ಕಿವಿಗೇ ಇಟ್ಟಳು.

"ದಾಕ್ಷಕ್ಕಾ, ಈ ಅಜ್ಜನ ಮಾತ ಒಂಚೂರ ಕೇಳ್ರಿ."

ಗದಗ ಕಡೆಯ ಅಜ್ಜ. ಹೇಗಿದ್ದೀರಿ ಎಂದು ಯಂತ್ರ ಕೇಳುತ್ತದೆ. "ಆರಾಮ ಅದೀನಿ ನೋಡವಾ. ಊಟ ಸೇರವಲ್ದು, ನಿದ್ದಿ ಬರವಲ್ದು, ಯಾರ ಜೋಡಿ ಮಾತಾಡಾಕ ಮನಸ್ಸಿಲ್ಲ. ಉಳಿದದ್ದೆಲ್ಲಾ ಆರಾಮ." ಯಂತ್ರ ಮೊದಲ ಮಾತು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿತ್ತು. ಅಜ್ಜನ ಔಷಧಿ ಇಳಿಯುತ್ತಾ ಬಂದಿತ್ತು.

ಇಬ್ಬರೂ ಮೊದಲು ನಕ್ಕರು. ಆಮೇಲೆ ಉಳಿದ ಜಿಲ್ಲೆಗಳನ್ನೂ ತೆಗೆದು ನೋಡಿದಾಗ ನಗು ನಿಂತಿತು. ಬೆಂಗಳೂರಿನ ಎಂಜಿನಿಯರ್ ಶ್ರೀವತ್ಸನಿಗೆ ದಾಕ್ಷಾಯಣಿ ಫೋನ್ ಹಚ್ಚಿದಳು.

"ಮೇಡಂ, ಆರಾಮ ಅಂದ್ರೆ ಆರಾಮ ತಾನೇ? ಇದ್ರಲ್ಲಿ ಗೊಂದಲ ಏನಿದೆ?" ಎಂದ ಅವನು.

"ಸರ, ನಿಮ್ಮ ಕಡೆ ದಾರ್ಯಾಗ ಸಿಕ್ಕವರನ್ನ ಊಟ ಆಯ್ತಾ ಅಂತ ಕೇಳ್ತಾರಲ್ಲ, ಆಗಿಲ್ಲ ಅಂದ್ರ ಅಲ್ಲೇ ಎಲಿ ಹಾಕಿ ಬಡಸ್ತಾರೇನ್ರಿ?"

ಅವನಿಗೆ ತಿಳಿಯಿತು. ತೊಟ್ಟವರು ಹೇಳುವ 'ಆರಾಮ'ವನ್ನು ಯಂತ್ರ ಲೆಕ್ಕಕ್ಕೆ ಹಿಡಿಯದಂತೆ ಅದೇ ವಾರ ತಿದ್ದಿದರು. ಆಪ್ತರ ಮಾತನ್ನು ತಿದ್ದುವುದು ದೊಡ್ಡ ಕೆಲಸ, ಅದು ಮುಂದಿನ ಆವೃತ್ತಿಗೆ ಹೋಯಿತು. ಇಷ್ಟು ಮಂದಿಯ ಔಷಧಿ ಕಾಪಾಡಿದೆನೆಂಬ ಹಿಗ್ಗಿನಲ್ಲಿ ದಾಕ್ಷಾಯಣಿ ಮನೆಗೆ ಹೋದಳು.

ಅವಳ ರಟ್ಟೆಯ ಮೇಲೂ ಒಂದು ತೋಳಬಂದಿ ಇತ್ತು.

ಕೆಲವು ವರ್ಷಗಳ ಹಿಂದೆ ಅವಳಿಗೆ ಕಾಯಿಲೆ ಬಂದಾಗ ಅದನ್ನು ಮೊದಲು ಗುರುತಿಸಿದವನು ಗಂಡ ಶಿವಯೋಗಿ. ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟರು, ಮೆದು ಮನುಷ್ಯ. ಅವಳು ಸ್ನಾನ ಬಿಟ್ಟಳು, ಮಾತು ಬಿಟ್ಟಳು, ಕೇಳಿದವರಿಗೆಲ್ಲ ಏನೂ ಇಲ್ಲ ಎನ್ನುತ್ತಿದ್ದಳು. ಅವನು ನೆಲದ ಮೇಲೆ ಅವಳ ಪಕ್ಕ ಕೂತು ಗಂಜಿ ಕುಡಿಸಿದ. ಕೈಹಿಡಿದು ಡಾಕ್ಟರ್ ಉಪಾಧ್ಯೆ ಅವರ ಹತ್ತಿರ ಕರೆದುಕೊಂಡು ಹೋದ. ತೋಳಬಂದಿಯ ಕೆಲಸ ಶುರುವಾದಾಗ 'ಆಪ್ತ'ರ ಮಾತಿಗೆ ತೂಕ ಹೆಚ್ಚಿರಬೇಕು ಎಂದು ಸಭೆಯಲ್ಲಿ ಹಟ ಹಿಡಿದವಳು ದಾಕ್ಷಾಯಣಿಯೇ. ಖಿನ್ನತೆಯಲ್ಲಿ ಮುಳುಗಿದವರಿಗೆ ತಮ್ಮ ಸ್ಥಿತಿ ತಮಗೇ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ಬದುಕುವವರಿಗೆ ಕಾಣುತ್ತದೆ ಎಂದು ವಾದಿಸಿದ್ದಳು. ಹಾಗೆ ವಾದಿಸುವಾಗ ಅವಳ ಕಣ್ಣ ಮುಂದೆ ಇದ್ದದ್ದು ಶಿವಯೋಗಿಯ ಮುಖ.

ಅವತ್ತು ರೊಟ್ಟಿ ಬಡಿಯುತ್ತಾ ಅಜ್ಜನ ಕಥೆಯನ್ನು ಅವನಿಗೆ ಹೇಳಿದಳು. ಅವನೂ ಬಿದ್ದು ಬಿದ್ದು ನಕ್ಕ.

"ಅಲ್ಲಾ, ನಾವು ಆರಾಮ ಅಂದ್ರ ಔಷಧ ಕಡಿಮಿ ಮಾಡತೈತಾ ಅದು?"

"ತೊಟ್ಟವರು ಅಂದದ್ದನ್ನ ಈಗ ಸರಿ ಮಾಡೇವ್ರಿ. ಆಪ್ತರು ಅಂದ್ರ ಇನ್ನೂ ಖರೇ ಅಂತನ ತಿಳ್ಕೊಂತೈತಿ. ನೀವಂತೂ ಬಾಯ್ತಪ್ಪಿ ಹಂಗ ಅನಬ್ಯಾಡ್ರಿ ಮತ್ತ."

"ನಾ ಯಾಕ ಅನ್ಲಿ?" ಎಂದು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಆಮೇಲಿನ ವಾರಗಳಲ್ಲಿ ದಾಕ್ಷಾಯಣಿಗೆ ಏನೋ ಹೆಚ್ಚುಕಡಿಮೆ ಆಗತೊಡಗಿತು. ಮೆಟ್ಟಿಲು ಇಳಿಯುವಾಗ ತಲೆ ತಿರುಗುತ್ತಿತ್ತು. ಕತ್ತು ತಿರುಗಿಸಿದರೆ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದ ಹಾಗೆ. ಬೆವರು, ಕೆಟ್ಟ ಕನಸು, ಸುಮ್ಮಸುಮ್ಮನೆ ಸಿಟ್ಟು. ಬರಬರುತ್ತಾ ಆ ಹಳೆಯ ಭಾರವೂ ಬಂದು ಎದೆಯ ಮೇಲೆ ಕೂತಿತು. ಬೆಳಿಗ್ಗೆ ತೋಳಬಂದಿ ಕೇಳಿದಾಗ ಅವಳು ರೂಢಿಯ ಮಾತು ಹೇಳದೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು: ನಿದ್ದೆ ಇಲ್ಲ, ಅಳು ಬರುತ್ತಿದೆ, ಚೆನ್ನಾಗಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ತೋರಿಸುವ, ಪಟ್ಟಿಯ ಮೇಲಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಎಷ್ಟು ಔಷಧಿ ಹೋಗುತ್ತಿದೆ ಎಂಬ ಅಂಕಿ ತೊಟ್ಟವರಿಗೆ ಕಾಣುವುದಿಲ್ಲ. ಕಂಡರೆ ಜನ ಅದನ್ನೇ ನೋಡುತ್ತಾ ಕೊರಗುತ್ತಾರೆ ಎಂದು ಕಂಪನಿಯವರು ಮುಚ್ಚಿಟ್ಟಿದ್ದರು. ತನ್ನ ವಿವರ ತಾನೇ ತೆಗೆದು ನೋಡುವುದು ಕಚೇರಿಯ ನಿಯಮಕ್ಕೆ ವಿರುದ್ಧ. ದಾಕ್ಷಾಯಣಿ ನಿಯಮ ಮುರಿಯುವ ಹೆಂಗಸಲ್ಲ.

ಹಸಿರು ದೀಪ ನೋಡಿ ಅವಳು ಒಂದೇ ಅರ್ಥ ಮಾಡಿಕೊಂಡಳು. ಔಷಧಿ ಸರಿಯಾಗಿಯೇ ಹೋಗುತ್ತಿದೆ, ತನಗೆ ಅದು ಹತ್ತುತ್ತಿಲ್ಲ. ಔಷಧಿ ಇದ್ದೂ ಹೀಗಾದರೆ ಇನ್ನು ತನಗೆ ದಾರಿಯೇ ಇಲ್ಲ.

ಶಿವಯೋಗಿ ಮಾತ್ರ ದೇವರಂಥ ಮನುಷ್ಯ. ಶಾಲೆಯಿಂದ ಓಡೋಡಿ ಬರುತ್ತಿದ್ದ. ತಲೆ ಬಾಚಲು ಕೈ ಎತ್ತಲಾಗದೆ ಅವಳು ಕೂತಿದ್ದರೆ ಬಾಚಣಿಗೆ ತೆಗೆದುಕೊಂಡು ತಾನೇ ಸಿಕ್ಕು ಬಿಡಿಸಿ ಜಡೆ ಹೆಣೆಯುತ್ತಿದ್ದ. ಚಿತ್ರ ಬರೆಯುವ ಕೈ, ಜಡೆ ನೀಟಾಗಿ ಬರುತ್ತಿತ್ತು. ಅವಳು ಅವನ ಮಡಿಲಲ್ಲಿ ತಲೆಯಿಟ್ಟು ಅತ್ತರೆ ಬೆನ್ನು ಸವರುತ್ತಾ ಗಂಟೆಗಟ್ಟಲೆ ಕೂರುತ್ತಿದ್ದ.

"ಉಪಾಧ್ಯೆ ಡಾಕ್ಟರ್ ಬಾಯಾರ ಕಡೆ ಒಮ್ಮೆ ಹೋಗಿ ಬರೂಣೇನ್ರಿ?" ಎಂದು ಅವಳು ಕೇಳಿದ್ದೂ ಉಂಟು.

"ಹೋಗೂಣಂತ. ಅವಸರ ಯಾಕ? ನಾ ಅದೀನಲ್ಲ," ಎಂದಿದ್ದ.

ನಾನು ಇದ್ದೇನಲ್ಲ ಎಂಬ ಆ ಒಂದು ಮಾತು ಹಿಡಿದುಕೊಂಡು ಅವಳು ದಿನ ತಳ್ಳಿದಳು. ಇಂಥ ಗಂಡನನ್ನು ಪಡೆದೂ ಸಂತೋಷವಾಗಿರಲಾಗದ ತನ್ನನ್ನೇ ಬೈದುಕೊಂಡಳು.

ಒಂದು ಶನಿವಾರ ಕಚೇರಿಯಲ್ಲಿ ಯಾರದೋ ಮಾತು ಕೇಳುತ್ತಾ ಕೂತಿದ್ದಾಗ, ಇರುವುದಕ್ಕಿಂತ ಇಲ್ಲದಿರುವುದೇ ಹಗುರ ಎಂಬ ಯೋಚನೆ ಬಂತು. ಅದು ಬಂದ ರೀತಿಯೇ ಅವಳನ್ನು ಹೆದರಿಸಿತು. ಅಳು ಇಲ್ಲ, ಗದ್ದಲ ಇಲ್ಲ, ಸಂತೆಯಿಂದ ಏನು ತರಬೇಕು ಎಂದು ನೆನಪಾದಷ್ಟು ಸಹಜವಾಗಿ ಬಂದಿತ್ತು. ದಾಕ್ಷಾಯಣಿ ಹೆಡ್‌ಫೋನ್ ಕೆಳಗಿಟ್ಟು ಅಸ್ಮಾಳ ಕೈ ಹಿಡಿದಳು.

"ಅಸ್ಮಾ, ನನ್ನ ಒಬ್ಬಾಕಿನ್ನ ಬಿಡಬ್ಯಾಡ."

ಅಸ್ಮಾ ಪ್ರಶ್ನೆ ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ಏಳ್ರಿ, ಡಾಕ್ಟರ ಕಡೆ ಹೋಗೂಣು. ಈಗಿಂದೀಗ," ಎಂದಳು. ಮೊದಲು ಮನೆಗೆ ಹೋಗಿ ಗಂಡನನ್ನೂ ಕರೆದುಕೊಂಡು ಹೋಗೋಣ ಎಂದವಳು ದಾಕ್ಷಾಯಣಿ. ಅವನಿಲ್ಲದೆ ಆ ಮಾತನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ.

ಅಸ್ಮಾ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಇವಳು ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಶಿವಯೋಗಿ ಬಾಲ್ಕನಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು, ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು, ಕುಂಚ ತೊಳೆಯುತ್ತಾ ಮಾತಾಡುತ್ತಿದ್ದ. ಫೋನಿನಲ್ಲಿದ್ದದ್ದು ತೋಳಬಂದಿಯ ಧ್ವನಿ. ಆ ಧ್ವನಿಗೆ ಸರಿಯಾದ ಉಚ್ಚಾರ ಕಲಿಸಿದವಳು ಇವಳೇ.

"ದಾಕ್ಷಾಯಣಿಯವರು ಈ ವಾರ ಹೇಗಿದ್ದಾರೆ?"

"ಆರಾಮ ಅದಾಳ್ರಿ."

"ಅವರ ನಿದ್ರೆ ಹೇಗಿದೆ?"

"ಅದೂ ಆರಾಮರಿ."

"ಅಳುವುದು, ಒಬ್ಬರೇ ಕೂರುವುದು?"

"ಏನೂ ಇಲ್ರಿ. ನಕ್ಕೋಂತ ಅದಾಳ."

ಅವತ್ತು ಬೆಳಿಗ್ಗೆ ಅವಳು ಅವನ ಅಂಗಿ ತೊಯ್ಯುವಷ್ಟು ಅತ್ತಿದ್ದಳು. ಅದೇ ಅಂಗಿ ಅವನ ಮೈಮೇಲಿತ್ತು.

"ಧನ್ಯವಾದ," ಎಂದಿತು ಯಂತ್ರ. "ಔಷಧಿಯ ಪ್ರಮಾಣ ಇನ್ನೊಂದು ಹಂತ ಇಳಿಯಲಿದೆ. ಆಪ್ತರ ಒಪ್ಪಿಗೆ ಇದೆಯೇ?"

"ಇಲ್ಲ!" ಎಂದು ದಾಕ್ಷಾಯಣಿ ಕೂಗಿದಳು. ಶಿವಯೋಗಿ ತಿರುಗಿದ. ಕೈಯಿಂದ ಕುಂಚ ಬಿತ್ತು. ಅವಳು ಓಡಿಹೋಗಿ ಫೋನಿಗೆ ಬಾಯಿ ಹಚ್ಚಿದಳು. "ಒಪ್ಪಿಗಿ ಇಲ್ಲ. ಇಳಸಬ್ಯಾಡ."

"ಕ್ಷಮಿಸಿ," ಎಂದಿತು ಯಂತ್ರ, ಅವಳೇ ಕಲಿಸಿದ ಇಂಪಿನಲ್ಲಿ. "ಇದು ಆಪ್ತರ ಧ್ವನಿಯಲ್ಲ."

ಅವಳಿಗೆ ಅವಮಾನವಾಯಿತು. ತನ್ನ ದೇಹ, ತನ್ನ ಔಷಧಿ, ತಾನೇ ಕೂತು ಮಾತು ಕಲಿಸಿದ ಯಂತ್ರ. ಅದರ ಮುಂದೆ ತನ್ನ ಮಾತಿಗೆ ಕಿಮ್ಮತ್ತಿಲ್ಲ.

"ಹೇಳ್ರಿ," ಎಂದಳು ಗಂಡನಿಗೆ. ಅವನು ಬಗ್ಗಿ ಕುಂಚ ಎತ್ತಿಕೊಂಡ. "ಇಲ್ಲ ಅಂತ ಹೇಳ್ರೀ ಅದಕ್ಕ!"

ಶಿವಯೋಗಿ ಫೋನಿಗೆ ಒಪ್ಪಿಗೆ ಇಲ್ಲ ಎಂದ. ಯಂತ್ರ ಮತ್ತೊಮ್ಮೆ ಧನ್ಯವಾದ ಹೇಳಿ ಫೋನಿಟ್ಟಿತು.

"ನಿಂಗ ಹೇಳಬೇಕಂತನ ಇದ್ನಿ," ಎಂದ ಅವನು. "ಜೀವಮಾನ ಪೂರ್ತಿ ಮಶೀನ್ ಕಟ್ಕೊಂಡು ಇರಾಕ ಆಕ್ಕೈತೇನು? ಸಾವಕಾಶ ಬಿಡಿಸಿದ್ರ ನೀನೂ ಮೊದಲಿನಂಗ ಆಗ್ತಿ ಅಂದ್ಕೊಂಡ್ನಿ. ನಿನ್ನ ಚಲೋದಕ್ಕನ."

"ಆ ಮಾತು ಅನಬ್ಯಾಡ್ರಿ ಅಂತ ನಾನ ನಿಮಗ ಹೇಳಿದ್ನಿ," ಎಂದಳು ದಾಕ್ಷಾಯಣಿ. "ರೊಟ್ಟಿ ಬಡಕೊಂತ ಹೇಳಿದ್ನಿ."

ಅವನು ತಲೆ ತಗ್ಗಿಸಿದ. ಗೊತ್ತಿಲ್ಲದೆ ಅಂದೆ ಎಂದಾದರೂ ಅವನು ಹೇಳುತ್ತಾನೇನೋ ಎಂದು ಕಾದಳು. ಹೇಳಿದ್ದರೆ ಅವಳು ನಂಬಿಬಿಡುತ್ತಿದ್ದಳು. ಅವನು ಹೇಳಲಿಲ್ಲ. ಕೆಳಗಿನಿಂದ ಅಸ್ಮಾ ಹಾರ್ನ್ ಹೊಡೆದಳು, ದಾಕ್ಷಾಯಣಿ ಒಬ್ಬಳೇ ಇಳಿದು ಹೋದಳು.

ಡಾಕ್ಟರ್ ಉಪಾಧ್ಯೆ ಎಲ್ಲವನ್ನೂ ಕೇಳಿದರು. ದಾಕ್ಷಾಯಣಿಯ ಒಪ್ಪಿಗೆ ಪಡೆದು ವಿವರ ತೆಗೆದು ನೋಡಿದರು. ಮೊದಲು ಹೋಗುತ್ತಿದ್ದ ಔಷಧಿಯಲ್ಲಿ ಕಾಲು ಭಾಗವೂ ಈಗ ಹೋಗುತ್ತಿರಲಿಲ್ಲ. ಅವಳು ಬೆಳಿಗ್ಗೆ ಹೇಳಿದ ಒಂದೊಂದು 'ಚೆನ್ನಾಗಿಲ್ಲ'ದ ಪಕ್ಕದಲ್ಲೂ ಯಂತ್ರ ಒಂದೇ ಷರಾ ಬರೆದಿತ್ತು: ತೊಟ್ಟವರು ತಮ್ಮ ಸ್ಥಿತಿಯನ್ನು ಇರುವುದಕ್ಕಿಂತ ಕೆಟ್ಟದಾಗಿ ಹೇಳುತ್ತಿರಬಹುದು, ಆಪ್ತರ ಮಾತು ಬೇರೆ ಇದೆ.

"ಕೆಳಗಿನ ಮಿತಿ ಇಷ್ಟ ಕೆಳಗ ಇಟ್ಟದ್ದು ನಂದೂ ತಪ್ಪು," ಎಂದರು ಡಾಕ್ಟರು. "ಯಜಮಾನ್ರು ಅದಾರಲ್ಲ ಅಂತ ನಂಬಿದ್ನಿ. ದಾಕ್ಷಾಯಣಿ, ಇಲ್ಲಿ ಕೇಳ್ರಿ. ತಲಿ ತಿರುಗೋದು, ಕರೆಂಟ ಹೊಡದಂಗ ಆಗೋದು, ಇವೆಲ್ಲಾ ಔಷಧ ಇಷ್ಟ ಲಗೂನ ಕಡಿಮಿ ಆದದ್ದಕ್ಕ. ನಿಮಗ ಔಷಧ ಹತ್ತಲಿಲ್ಲ ಅಂತಲ್ಲ. ನಿಮಗ ಔಷಧ ಸಿಗಲೇ ಇಲ್ಲ."

ದಾಕ್ಷಾಯಣಿ ಮತ್ತೆ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲದ ಅಳುವಿನಲ್ಲಿ ಅರ್ಧ ಸಮಾಧಾನವೂ ಇತ್ತು.

ತೋಳಬಂದಿ ಬಿಚ್ಚಿ ಡಾಕ್ಟರು ಹಳೆಯ ಕಾಲದ ಗುಳಿಗೆಯನ್ನೇ ಬರೆದುಕೊಟ್ಟರು. ಇವತ್ತೇ ಹಳೆಯ ಪ್ರಮಾಣಕ್ಕೆ ಹಾರುವುದು ಬೇಡ, ತಾವು ನೋಡುತ್ತಾ ಹಂತಹಂತವಾಗಿ ಏರಿಸುತ್ತೇವೆ ಎಂದರು. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಬೇಕು, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಬೇಕು, ಎರಡು ಕೂಡಿಸಿ ನುಂಗಬಾರದು. ಗುಣ ಕಾಣಲು ವಾರಗಳು ಬೇಕು. ಆ ಕೆಟ್ಟ ಯೋಚನೆ ಮತ್ತೆ ಸುಳಿದರೆ ಹೊತ್ತು ನೋಡದೆ ಫೋನ್ ಮಾಡಬೇಕು, ಒಬ್ಬಳೇ ಇರಬಾರದು.

"ಯಾರ ಜೋಡಿ ಇರ್ತೀರಿ?" ಎಂದು ಕೇಳಿದರು.

ಈ ಪ್ರಶ್ನೆಗೆ ಅವಳ ಹತ್ತಿರ ಯಾವಾಗಲೂ ಒಂದೇ ಹೆಸರು ಇತ್ತು.

"ನಮ್ಮ ಮನ್ಯಾಗ ಇರ್ತಾರ್ರಿ," ಎಂದಳು ಅಸ್ಮಾ.

ಅಸ್ಮಾಳ ಅಮ್ಮ ಗುಳಿಗೆ ನುಂಗುವ ಹೊತ್ತಿಗೆ ಚಹಾ ಇಟ್ಟುಕೊಡುತ್ತಿದ್ದಳು, ನುಂಗಿದೆಯಾ ಎಂದು ಮಾತ್ರ ಕೇಳುತ್ತಿರಲಿಲ್ಲ. ನಿಧಾನವಾಗಿ ತಲೆಯ ಕರೆಂಟು ನಿಂತಿತು, ಆಮೇಲೆ ನಿದ್ದೆ ಬಂತು. ಒಂದು ಬೆಳಿಗ್ಗೆ ಎದ್ದು ತನ್ನ ತಲೆ ತಾನೇ ಬಾಚಿಕೊಂಡು ಅಸ್ಮಾಳ ಸ್ಕೂಟರ್ ಹತ್ತಿ ಕಚೇರಿಗೆ ಹೋದಳು.

ಅಲ್ಲಿ ಇಬ್ಬರೂ ಆಪ್ತರ ಮಾತುಗಳನ್ನೇ ಕೇಳುತ್ತಾ ಕೂತರು. ಆರಾಮ ಅದಾರ್ರಿ, ಆರಾಮ ಅದಾಳ್ರಿ, ಆರಾಮ ಅದಾನ್ರಿ. ಮಗ, ಸೊಸೆ, ಗಂಡ, ತಾಯಿ. ಹೆಚ್ಚಿನವರು ರೂಢಿಗೆ ಅಂದವರು. ಕೆಲವರು ಹಾಗಲ್ಲ. ಯಾರು ರೂಢಿಗೆ ಅಂದವರು, ಯಾರು ಬೇಕೆಂದೇ ಅಂದವರು ಎಂದು ಧ್ವನಿ ಕೇಳಿ ಹೇಳಲು ಸಾಧ್ಯವಿರಲಿಲ್ಲ, ಎಲ್ಲರದೂ ಒಂದೇ ಅಕ್ಕರೆ. ದಾಕ್ಷಾಯಣಿ ಶ್ರೀವತ್ಸನಿಗೆ ಫೋನ್ ಮಾಡಿ, ತೊಟ್ಟವರು ಚೆನ್ನಾಗಿಲ್ಲ ಎಂದರೆ ಲೋಕದ ಯಾರ ಆರಾಮವೂ ಅದನ್ನು ದಾಟಬಾರದು, ಅಂಕಿ ತೊಟ್ಟವರ ಕಣ್ಣಿಗೆ ಕಾಣಬೇಕು ಎಂದಳು.

"ಆಪ್ತರ ಮಾತೇ ಮುಖ್ಯ ಅಂತ ಹಟ ಮಾಡಿದ್ದು ನೀವೇ ಅಲ್ವಾ ಮೇಡಂ?" ಎಂದ ಅವನು, ಕುಹಕವಿಲ್ಲದೆ.

"ಹೌದ್ರಿ," ಎಂದಳು.

ಅವತ್ತು ಸಂಜೆ ಶಿವಯೋಗಿ ಅಸ್ಮಾಳ ಮನೆಗೆ ಬಂದ. ಕೈಯಲ್ಲಿ ಚುರಮುರಿ ಗಿರ್ಮಿಟ್ಟಿನ ಪೊಟ್ಟಣ. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಅವನು ಸೊರಗಿದ್ದ. ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ತಪ್ಪಾತು," ಎಂದ. "ಮನಿಗೆ ಬಾ."

"ಯಾಕ ಮಾಡಿದ್ರಿ?"

"ಹೇಳೀನಲ್ಲ, ಮಶೀನ್ ಬಿಡಸಬೇಕಂತ..."

"ಖರೇ ಹೇಳ್ರಿ. ನನಗ ತಲಿ ತಿರಗತಿತ್ತು, ನೀವು ನೋಡತಿದ್ರಿ. ಸಾಯೂವಂಗ ಅಳತಿದ್ನಿ, ನೋಡತಿದ್ರಿ. ಆದ್ರೂ ವಾರಾವಾರಾ ಆರಾಮ ಅಂದ್ರಿ. ಯಾಕ?"

ಅವನು ಪೊಟ್ಟಣದ ದಾರ ಬಿಚ್ಚಿ, ಮತ್ತೆ ಕಟ್ಟಿದ.

"ಆರಾಮ ಆದಮ್ಯಾಲ ನೀ ನನ್ನ ಕಡೆ ನೋಡೋದು ಬಿಟ್ಟಿದ್ದಿ," ಎಂದ. "ಆಫೀಸು, ಮೀಟಿಂಗು, ನಗು. ಚಲೋನ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ನಾ ಮನ್ಯಾಗ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಬ್ಯಾನಿ ಇದ್ದಾಗ ನನ್ನ ತೊಡಿ ಮ್ಯಾಲ ಮಕ್ಕೊಂತಿದ್ದಿ. ನಾ ಬರೂದು ತಡಾ ಆದ್ರ ಬಾಗಿಲದಾಗ ನಿಂತಿರ್ತಿದ್ದಿ. ಮೊದಲನೇ ವಾರ ಸುಮ್ಮನ ಅಂದು ನೋಡಿದ್ನಿ. ನೀ ಮತ್ತ ನನ್ನ ಕಡೆ ಬಂದಿ."

ದಾಕ್ಷಾಯಣಿಗೆ ಒಂದೊಂದೇ ನೆನಪಾಯಿತು. ಬಾಚಿದ ಜಡೆ, ಸವರಿದ ಬೆನ್ನು, ನಾನು ಇದ್ದೇನಲ್ಲ ಎಂದ ಮಾತು. ಆ ವಾರಗಳಲ್ಲಿ ಅವಳನ್ನು ಬದುಕಿಸಿದ್ದು ಅವಷ್ಟೇ ಎಂದು ಅವಳು ಇದುವರೆಗೂ ಒಳಗೆ ಎತ್ತಿಟ್ಟುಕೊಂಡಿದ್ದಳು. ಸುಳ್ಳು ಹೇಳಿದ, ಆದರೆ ಪ್ರೀತಿಯಂತೂ ನಿಜ ಎಂದು ಮನಸ್ಸಿನಲ್ಲೇ ಅವನ ಪರ ವಾದಿಸಿಕೊಂಡಿದ್ದಳು. ಈಗ ನೋಡಿದರೆ ಆ ಪ್ರೀತಿಗೆ ಅವಳ ಕಾಯಿಲೆಯೇ ಬೇಕಿತ್ತು.

"ಆವಾಗ ನಿನ್ನ ಎಷ್ಟ ಚಲೋ ನೋಡ್ಕೊಂಡ್ನಿ, ನೆನಪಿಲ್ಲೇನು?" ಎಂದ ಶಿವಯೋಗಿ. ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ.

"ಐತ್ರಿ. ಭಾಳ ಚಲೋ ನೋಡ್ಕೊಂಡ್ರಿ," ಎಂದಳು ದಾಕ್ಷಾಯಣಿ. "ಅದಕ್ಕ ನನಗ ನಿಮ್ಮ ಅಂಜಿಕಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಕಣ್ಣೊರೆಸಿಕೊಂಡು ಎದ್ದು, ನಡಿ ಹೋಗೂಣು ಎಂದು ಕೈ ಚಾಚಿದ. ಅವಳು ಕೂತೇ ಇದ್ದಳು.